ಲೈಟ್ ಉರಿಯುತ್ತದೆ, ಕಂಪ್ಯೂಟರ್ ಏಳುವುದಿಲ್ಲ

ಪ್ರಶ್ನೆ: ಸರ್, ಬೆಂಗಳೂರಿಂದ ಪಾರ್ಟ್ಸ್ ತರಿಸಿ, ವಿಡಿಯೋ ನೋಡಿಕೊಂಡು ನಾನೇ ಕಂಪ್ಯೂಟರ್ ಜೋಡಿಸಿದೆ. ಬಟನ್ ಒತ್ತಿದರೆ ಫ್ಯಾನ್ ಕೂಡ ಅಲ್ಲಾಡುವುದಿಲ್ಲ. ಆದರೆ ಮದರ್‌ಬೋರ್ಡ್ ಮೂಲೆಯಲ್ಲಿ ಸಣ್ಣ ಲೈಟ್ ಉರಿಯುತ್ತಿದೆ. ಬೋರ್ಡ್ ಸುಟ್ಟಿದೆ, ವಾಪಸ್ ಕಳಿಸು ಅಂತಾನೆ ಅಣ್ಣ. ಏನು ಮಾಡಲಿ?
– ವಿದ್ಯಾರ್ಥಿ, ಮೂಡಿಗೆರೆ

ಉತ್ತರ: ಅಣ್ಣನಿಗೆ ಎರಡು ದಿನ ತಡೆಯಲು ಹೇಳಿ. ಆ ಸಣ್ಣ ಲೈಟೇ ಅರ್ಧ ಉತ್ತರ. ಕಂಪ್ಯೂಟರ್ ಆಫ್ ಇದ್ದರೂ ಎಸ್‌ಎಂಪಿಎಸ್ (ಒಳಗೆ ಎಲ್ಲ ಭಾಗಕ್ಕೂ ಕರೆಂಟ್ ಹಂಚುವ ಡಬ್ಬ) ಬೋರ್ಡ್‌ಗೆ 5 ವೋಲ್ಟ್ ಕೊಡುತ್ತಲೇ ಇರುತ್ತದೆ, ಲೈಟ್ ಉರಿಯುವುದು ಅದರಿಂದಲೇ. ಅಂದರೆ ಸಾಕೆಟ್, ಪವರ್ ಕೇಬಲ್, ಎಸ್‌ಎಂಪಿಎಸ್ ಬೆನ್ನಿನ ಸ್ವಿಚ್ ಮೂರೂ ಸರಿ ಇವೆ. (ಲೈಟೇ ಇಲ್ಲದವರು ಮೊದಲು ಆ ಸ್ವಿಚ್ ನೋಡಿ. ಸೊನ್ನೆ ಕಡೆ ಒತ್ತಿದ್ದರೆ ಆಫ್. ನಗಬೇಡಿ, ದಿನಾ ಆಗುವ ತಪ್ಪಿದು.)

ನನ್ನ ಅನುಮಾನ ಬಟನ್ನಿನ ವೈರ್ ಮೇಲೆ. ಕ್ಯಾಬಿನೆಟ್ ಬಟನ್‌ನಿಂದ ಬರುವ ಎರಡು ಪಿನ್ನಿನ ಪುಟ್ಟ ಕನೆಕ್ಟರ್ ಬೋರ್ಡಿನ ಕೆಳ ಅಂಚಿನಲ್ಲಿ ಕೂರಬೇಕು. ಅಲ್ಲಿ ಪಕ್ಕಪಕ್ಕದಲ್ಲೇ ರೀಸೆಟ್, ಲೈಟ್ ಪಿನ್ನುಗಳೂ ಇರುತ್ತವೆ, ಅಕ್ಷರವೋ ಸಾಸಿವೆ ಕಾಳಿಗಿಂತ ಚಿಕ್ಕದು, ಒಂದು ಪಿನ್ ಆಚೀಚೆ ಆದರೂ ಗೊತ್ತಾಗುವುದಿಲ್ಲ. ಆ ಕನೆಕ್ಟರ್ ಕಿತ್ತು, ಮ್ಯಾನುಯಲ್ ನೋಡಿ ಪವರ್ ಸ್ವಿಚ್ಚಿನ ಎರಡು ಪಿನ್ ಗುರುತಿಸಿ, ಅವೆರಡಕ್ಕೇ ಸ್ಕ್ರೂಡ್ರೈವರ್ ತುದಿಯನ್ನು ಒಂದು ಕ್ಷಣ ತಾಗಿಸಿ ತೆಗೆಯಿರಿ. ಬಟನ್ ಮಾಡುವ ಕೆಲಸವೂ ಅಷ್ಟೇ. ಫ್ಯಾನ್ ತಿರುಗಿತಾ? ಹಾಗಾದರೆ ಬೋರ್ಡ್ ಜೀವಂತ, ತಪ್ಪು ವೈರಿನದು.

ತಿರುಗದಿದ್ದರೆ ಪ್ಲಗ್ ಕಿತ್ತು, 24 ಪಿನ್ನಿನ ದೊಡ್ಡ ಕನೆಕ್ಟರ್ ಮತ್ತು ಸಿಪಿಯು ಹತ್ತಿರದ 8 ಪಿನ್ನಿನದ್ದು ಎರಡನ್ನೂ ತೆಗೆದು ಮತ್ತೆ ಹಾಕಿ. 'ಟಕ್' ಅನ್ನುವ ತನಕ ಒತ್ತಬೇಕು. ಹೊಸ ಬೋರ್ಡ್ ಬಗ್ಗುತ್ತದೆ ಅಂತ ಹೆದರಿ ಅರ್ಧಕ್ಕೇ ಬಿಡುವವರು ಜಾಸ್ತಿ.

ಫ್ಯಾನ್ ಒಂದು ಸಲ ಮಿಸುಕಿ ನಿಂತರೆ ಕಥೆ ಬೇರೆ. ಎಲ್ಲೋ ಶಾರ್ಟ್ ಆಗಿ ಎಸ್‌ಎಂಪಿಎಸ್ ತಾನೇ ಆಫ್ ಆಗುತ್ತಿರಬಹುದು. ನಾನು ಮೊದಲ ಸಲ ಜೋಡಿಸಿದಾಗ ಹೀಗೇ ಆಗಿ ಮೂರು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ನೋಡಿದರೆ, ಬೋರ್ಡಿನಲ್ಲಿ ತೂತೇ ಇಲ್ಲದ ಜಾಗದಲ್ಲೂ ಒಂದು ಹಿತ್ತಾಳೆ ಸ್ಟ್ಯಾಂಡ್‌ಆಫ್ (ಬೋರ್ಡನ್ನು ಕ್ಯಾಬಿನೆಟ್ಟಿಗೆ ತಾಗದಂತೆ ಎತ್ತಿ ಹಿಡಿಯುವ ಪುಟ್ಟ ಕಂಬ) ತಿರುಗಿಸಿ ಇಟ್ಟಿದ್ದೆ, ಅದು ಬೋರ್ಡಿನ ಬೆನ್ನಿಗೆ ಒತ್ತಿ ಕೂತಿತ್ತು. ಆದ್ದರಿಂದ ಬೋರ್ಡನ್ನು ಹೊರಗೆ ತೆಗೆದು ಅದು ಬಂದ ರಟ್ಟಿನ ಡಬ್ಬದ ಮೇಲೆ ಇಡಿ. ಸಿಪಿಯು, ಅದರ ಫ್ಯಾನ್, ಒಂದೇ ಒಂದು ರ‍್ಯಾಮ್ ಸಾಕು. ಬೋರ್ಡ್ ಸುತ್ತಿ ಬಂದ ಬೆಳ್ಳಿ ಬಣ್ಣದ ಕವರ್ ಮೇಲೆ ಮಾತ್ರ ಇಡಬೇಡಿ, ಅದರಲ್ಲಿ ಕರೆಂಟ್ ಹರಿಯಬಹುದು. ಹೊರಗೆ ಆನ್ ಆದರೆ ತಕರಾರು ಕ್ಯಾಬಿನೆಟ್ಟಿನದು. ಆಗಲೂ ಏಳದಿದ್ದರೆ ಬೇರೆ ಎಸ್‌ಎಂಪಿಎಸ್ ಹಾಕಿ ನೋಡಿ, ಆಮೇಲೆ ಅಣ್ಣನ ಮಾತು.

ಪ್ರಶ್ನೆ: ನಮ್ಮಲ್ಲಿ ಮಳೆ ಬಂದರೆ ಕರೆಂಟ್ ಹೋಗಿ ಬಂದು ಮಾಡುತ್ತದೆ. ಮೊನ್ನೆ ಹಾಗೆ ಆದ ಮೇಲೆ ಕಂಪ್ಯೂಟರ್ ಆನ್ ಆಗುತ್ತಿಲ್ಲ. ಕ್ಯಾಬಿನೆಟ್ ಮುಟ್ಟಿದರೆ ಮೊದಲಿಂದಲೂ ಜುಮ್ ಅನ್ನುತ್ತದೆ.
– ಗೃಹಿಣಿ, ಸಕಲೇಶಪುರ

ಉತ್ತರ: ಪ್ಲಗ್ ಕಿತ್ತು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿ. ಎಷ್ಟೋ ಸಲ ಇಷ್ಟಕ್ಕೇ ಏಳುತ್ತದೆ. ಏಳದಿದ್ದರೆ ಎಸ್‌ಎಂಪಿಎಸ್ ಹೋಗಿರಬಹುದು. ಅದನ್ನು ಸುಮ್ನೆ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟ್ ಕೂಡಿಡುವ ಕೆಪಾಸಿಟರ್‌ನಲ್ಲಿ 300 ವೋಲ್ಟ್ ಉಳಿದಿರಬಹುದು. ಜುಮ್ ಅನ್ನುವುದು ಮನೆಯ ಅರ್ಥಿಂಗ್ ಸರಿ ಇಲ್ಲದ ಗುರುತು, ಹೊಸ ಎಸ್‌ಎಂಪಿಎಸ್‌ಗೆ ದುಡ್ಡು ಹಾಕುವ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ ಅದನ್ನು ಸರಿ ಮಾಡಿಸಿ. ಗುಡುಗು ಶುರುವಾದರೆ ಪ್ಲಗ್ ಜೊತೆ ಇಂಟರ್ನೆಟ್ ಕೇಬಲ್ಲನ್ನೂ ಕಿತ್ತಿಡಿ.