ಹಳೆ ಸೋಪು, ಖಾಲಿ ಮನೆ: ನೋಡಿದರೆ ಏನು ಅನ್ನಿಸಬೇಕು?

ಮ್ಯೂಸಿಯಂಗಳಲ್ಲಿ ಹಳೆ ಕುರ್ಚಿ, ಸವೆದ ಚಪ್ಪಲಿ, ಪಾಳುಮನೆಯ ಚೂರು ಇಟ್ಟು ಅದು ಅಗಲಿಕೆಯ ಕುರಿತ ಕಲೆ ಅನ್ನುತ್ತಾರೆ, ನನಗೇನೂ ಅನ್ನಿಸಲಿಲ್ಲ, ತಪ್ಪು ನನ್ನದೇ ಅಂತ ಕೇಳಿದ್ದೀರಿ. ಖಂಡಿತ ಅಲ್ಲ. ಆ ಸಾಮಾನು ಯಾರದು, ಅಲ್ಲಿಗೆ ಹೇಗೆ ಬಂತು ಅಂತ ತಿಳಿಯುವ ತನಕ ನನ್ನ ಪಾಲಿಗೂ ಅದು ಬರೀ ಸಾಮಾನೇ.

ನನಗೆ ಈ ದಾರಿ ತೋರಿಸಿದ್ದು ಬೀಜಿಂಗಿನ ಕಲಾವಿದ ಸಾಂಗ್ ಡಾಂಗ್. ಅವರ ತಂದೆ 2002ರಲ್ಲಿ ತೀರಿಕೊಂಡರು. ತಾಯಿ ಝಾವೊ ಶಿಯಾಂಗ್‌ಯುವಾನ್ ಪಡಿತರದ ಕಾಲ ಕಂಡ ಜೀವ. ಬಟ್ಟೆ ಚೂರು, ಬಾಟಲಿ ಮುಚ್ಚಳ, ಮುಗಿದ ಟೂತ್‌ಪೇಸ್ಟ್ ಟ್ಯೂಬು ಎಲ್ಲವನ್ನೂ ಮೊದಲಿನಿಂದ ಕೂಡಿಡುತ್ತಿದ್ದವರು, ಗಂಡ ಹೋದ ಮೇಲೆ ಮನೆ ತುಂಬ ಸಾಮಾನು ಪೇರಿಸತೊಡಗಿದರು. ಒಂದನ್ನೂ ಎಸೆಯಲು ಬಿಡುತ್ತಿರಲಿಲ್ಲ. 2005ರಲ್ಲಿ ಮಗ ಅಷ್ಟನ್ನೂ, 10,000ಕ್ಕೂ ಮಿಕ್ಕಿದ ವಸ್ತುಗಳನ್ನು, ಗ್ಯಾಲರಿಗೆ ಸಾಗಿಸಿದರು. ಅಮ್ಮನೂ ಜೊತೆಗೆ ನಿಂತು ವಿಂಗಡಿಸಿ ಜೋಡಿಸಿದರು, ಬಂದವರ ಹತ್ತಿರ ಮಾತಾಡಿದರು. ಮೇಲೆ ನಿಯಾನ್ ದೀಪದಲ್ಲಿ ತೀರಿಹೋದ ಅಪ್ಪನಿಗೊಂದು ಮಾತು: ಅಪ್ಪಾ, ಚಿಂತೆ ಬೇಡ, ಅಮ್ಮನೂ ನಾವೂ ಎಲ್ಲ ಚೆನ್ನಾಗಿದ್ದೇವೆ.

ಆ ರಾಶಿಯಲ್ಲಿ ಬಟ್ಟೆ ಸೋಪಿನ ಬಿಲ್ಲೆಗಳಿವೆ. ಸೋಪು ಸಿಗದ ಕಾಲದಲ್ಲಿ, ಮುಂದೆ ಮಕ್ಕಳಿಗೆ ಕಷ್ಟವಾಗಬಾರದೆಂದು ಉಳಿಸಿಟ್ಟದ್ದು. ಮಗನಿಗೆ ಮದುವೆಯಾದಾಗ ಕೊಡಲು ಹೋದರೆ, ವಾಷಿಂಗ್ ಮಷೀನ್ ಇದೆ, ಬೇಡ ಅಂದರಂತೆ. ಅಮ್ಮ ಅದನ್ನು ಹಾಗೇ ಎತ್ತಿಟ್ಟಿದ್ದರು. ಈ ಕತೆಯನ್ನು ನಮ್ಮಮ್ಮನಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ: ‘ಈಗಾದ್ರೂ ಇಸ್ಕೊಂಡ್ನಾ?’

2009ರಲ್ಲಿ ಆ ತಾಯಿಯೂ ಹೋದರು. ಅದೇ ವರ್ಷ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಅದೇ ಸಾಮಾನುಗಳನ್ನು ಹರವಿದಾಗ ಅವು ಎರಡು ಸಾವಿನ ಸಾಮಾನುಗಳಾಗಿದ್ದವು.

ಖಾಲಿ ಜಾಗದ ಮಾತಿಗೆ ಬಂದರೆ, ಪಾಳುಬಿದ್ದ ಕಾರ್ಖಾನೆಗಳ ಚೆಂದದ ಫೋಟೋಗಳು ನನಗೆ ಹಿಡಿಸುವುದಿಲ್ಲ. ಬಣ್ಣ ಕಿತ್ತ ಗೋಡೆ ಇರುತ್ತದೆ, ದುಡಿದವರ ಸುಳಿವೇ ಇರುವುದಿಲ್ಲ. ಬ್ರಿಟಿಷ್ ಶಿಲ್ಪಿ ರೇಚಲ್ ವೈಟ್‌ರೀಡ್ ಮಾಡಿದ್ದು ಬೇರೆ. ಪೂರ್ವ ಲಂಡನ್ನಿನ ಗ್ರೋವ್ ರೋಡ್‌ನಲ್ಲಿ ಸಾಲುಮನೆಗಳನ್ನೆಲ್ಲ ಕೆಡವಿ ಕೊನೆಗೊಂದು ಉಳಿದಿತ್ತು. 1993ರಲ್ಲಿ ಅದರ ಒಳಗೋಡೆಗಳಿಗೆ ಕಾಂಕ್ರೀಟ್ ಹೊಡೆದು, ಗಟ್ಟಿಯಾದ ಮೇಲೆ ಹೊರಗಿನ ಇಟ್ಟಿಗೆ ಬಿಚ್ಚಿದರು. ಕೋಣೆಯೊಳಗಿನ ಗಾಳಿಯೇ ಕಲ್ಲಾಗಿ ನಿಂತಂತೆ. ಒಲೆಗೂಡು ಇದ್ದಲ್ಲಿ ಉಬ್ಬು, ಕಿಟಕಿಯ ಅಂಚು ಇದ್ದಲ್ಲಿ ತಗ್ಗು. ಅವರಿಗೆ ಬ್ರಿಟನ್ನಿನ ಹೆಸರಾಂತ ಕಲಾ ಪ್ರಶಸ್ತಿಯಾದ ಟರ್ನರ್ ಪ್ರಶಸ್ತಿ ಬಂದ ದಿನವೇ ಸ್ಥಳೀಯ ಕೌನ್ಸಿಲ್ ಅದನ್ನು ಕೆಡವಲು ತೀರ್ಮಾನಿಸಿತು. 1994ರ ಜನವರಿ 11ರಂದು ಕೆಡವಿಯೂ ಬಿಟ್ಟರು.

ಕೊಲಂಬಿಯಾದ ಕಲಾವಿದೆ ಡೋರಿಸ್ ಸಾಲ್ಸೆಡೊ ಅವರ ಚಪ್ಪಲಿಗಳ ಕಲಾಕೃತಿಯನ್ನೂ ಹುಡುಕಿ ನೋಡಿ. ಕಾಣೆಯಾದ ಹೆಂಗಸರ ಚಪ್ಪಲಿಗಳು ಗೋಡೆಯ ಗೂಡಿನಲ್ಲಿವೆ, ಎದುರಿಗೆ ಪ್ರಾಣಿಯ ಮೂತ್ರಕೋಶದ ತೆಳು ಪೊರೆ, ಅದನ್ನು ಗಾಯ ಹೊಲಿಯುವ ದಾರದಿಂದ ಹೊಲಿದಿದ್ದಾರೆ. ಚಪ್ಪಲಿ ಮಸುಕಾಗಿ ಕಾಣುತ್ತದೆ, ಅಷ್ಟೇ.

ನಮ್ಮವರಲ್ಲಿ ಯಾರಾದರೂ ಇದ್ದಾರಾ ಅಂತಲೂ ಕೇಳಿದ್ದೀರಿ. ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಕೆಲಸ ಮಾಡುವ ಕಲಾವಿದೆ ಶೀಲಾ ಗೌಡ ಇದ್ದಾರೆ. ದೃಷ್ಟಿ ತಾಗದಿರಲೆಂದು ಗಾಡಿಗಳಿಗೆ ಕಟ್ಟುವ ಕೂದಲ ಹಗ್ಗ ನೋಡಿರುತ್ತೀರಿ. ಅಂಥದ್ದೇ ಸುಮಾರು 4 ಕಿಲೋಮೀಟರ್ ಹಗ್ಗದಲ್ಲಿ ಕಾರಿನ ಉಕ್ಕಿನ ಬಂಪರ್‌ಗಳನ್ನು ತೂಗುಹಾಕಿ 2009ರಲ್ಲಿ ವೆನಿಸ್‌ನಲ್ಲಿ ತೋರಿಸಿದರು. ಹರಕೆ ಹೊತ್ತು ದೇವಸ್ಥಾನದಲ್ಲಿ ಕೊಟ್ಟ ಮುಡಿಯೇ ಆ ಹಗ್ಗವಾಗಿರುವುದು. ಯಾವ ಮಗುವಿನ ಜ್ವರಕ್ಕೆ, ಯಾರ ಮನೆಯ ಸಾಲಕ್ಕೆ ಕೊಟ್ಟದ್ದೋ, ಈಗ ಅಷ್ಟು ಭಾರ ಹೊತ್ತು ನಿಂತಿದೆ.