ಅಲ್ಲಿಂದ ತಂದು ಇಲ್ಲಿಗೆ ಕೊಡುವ ಲೆಕ್ಕ

ಪ್ರಶ್ನೆ: ಮೇಡಂ, ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ರೇಷ್ಮೆ ಇದೆ, ನಾಲ್ಕು ಹಸು ಇವೆ. ನನಗೆ 29 ವರ್ಷ. ಮೂರು ವರ್ಷದ ಹಿಂದೆ ತಂಗಿಯನ್ನು ಚಿಂತಾಮಣಿ ಕಡೆಗೆ ಕೊಟ್ಟೆವು. 120 ಗ್ರಾಂ ಚಿನ್ನ, 4 ಲಕ್ಷ ನಗದು, ಒಂದು ಬೈಕು ಕೊಟ್ಟು ಮದುವೆ ಖರ್ಚನ್ನೂ ನಾವೇ ನೋಡಿಕೊಂಡೆವು. ವರ್ಷ ತುಂಬುವುದರೊಳಗೆ ಮತ್ತೆ ಕೇಳಲು ಶುರು ಮಾಡಿದರು. ಒಂದು ಸಲ 1 ಲಕ್ಷ, ಇನ್ನೊಂದು ಸಲ ಒಂದೂವರೆ ಲಕ್ಷ ಕೊಟ್ಟೆವು. ಈಗ ಮನೆ ಕಟ್ಟಲು 6 ಲಕ್ಷ ಬೇಕಂತೆ. ಕಳೆದ ವಾರ ತಂಗಿ ಮಗುವನ್ನು ಎತ್ತಿಕೊಂಡು ಬಂದಳು. ಎಡಗೈ ಮೊಣಕೈತನಕ ಸುಟ್ಟಿದೆ. ಕೇಳಿದರೆ ‘ಮುದ್ದೆಗೆ ಇಟ್ಟ ಎಸರು ಚೆಲ್ಲಿತು’ ಅಂದಳು. ರಾತ್ರಿ ಅಮ್ಮನ ಹತ್ತಿರ ನಿಜ ಹೇಳಿದ್ದಾಳೆ. ಸುರಿದದ್ದು ಅತ್ತೆ, ಗಂಡ ನೋಡುತ್ತಾ ನಿಂತಿದ್ದನಂತೆ. ಗಾಯಕ್ಕೆ ಪೇಸ್ಟ್ ಹಚ್ಚಿದ್ದೇವೆ. ಊರ ಹಿರಿಯರು ಕೂತು ನ್ಯಾಯ ಮಾಡಿದರು. ಮನೆ ಕಟ್ಟೋಕೆ ಕೇಳಿದ್ದು ವರದಕ್ಷಿಣೆ ಆಗಲ್ಲ, ಅರ್ಧ ಕೊಟ್ಟು ಹುಡುಗಿಯನ್ನು ಕಳಿಸಿ ಅಂದರು. ಕೊಟ್ಟವರ ಮೇಲೂ ಕೇಸ್ ಆಗುತ್ತೆ ಅಂತ ಅಪ್ಪನಿಗೆ ಸ್ಟೇಷನ್ ಅಂದರೆ ಭಯ. ಚಿಕ್ಕ ತಂಗಿಯ ಮದುವೆ ಬಾಕಿ ಇದೆ. ನನಗೂ ಒಂದು ಸಂಬಂಧ ನೋಡಿದ್ದಾರೆ. ಅಲ್ಲಿಂದ ಬರುವುದನ್ನು ಇಲ್ಲಿಗೆ ಕೊಟ್ಟು ಮುಗಿಸೋಣ ಅಂತಾರೆ ಅಮ್ಮ. ರೇಷ್ಮೆ ಹುಳ ಹಣ್ಣಾಗಿ ಗೂಡು ಕಟ್ಟಲು ಇನ್ನು ನಾಲ್ಕು ದಿನ. ಗೂಡಿನ ದುಡ್ಡನ್ನೂ ಸೇರಿಸಿ ಕೊಟ್ಟುಬಿಡಲಾ?

– ಒಬ್ಬ ಅಣ್ಣ

ಉತ್ತರ: ಕೊಡಬೇಡಿ. ಒಂದು ರೂಪಾಯಿಯೂ ಬೇಡ. ಮಿಕ್ಕ ಮಾತು ಆಮೇಲೆ ಆಡೋಣ, ಮೊದಲು ಆ ಕೈಯನ್ನು ಡಾಕ್ಟರಿಗೆ ತೋರಿಸಿ. ಒಂದು ವಾರದ ಸುಟ್ಟಗಾಯಕ್ಕೆ ಪೇಸ್ಟ್ ಹಚ್ಚಿ ಕೂತಿದ್ದೀರಲ್ಲ, ಅದು ಕೀವು ಕಟ್ಟಿದರೆ ಬೆರಳು ಮಡಚಲೂ ಆಗದ ಹಾಗೆ ಆಗಬಹುದು.

ಡಾಕ್ಟರು ‘ಹೇಗಾಯ್ತಮ್ಮ’ ಅಂತ ಕೇಳುತ್ತಾರೆ. ಆಗ ತಂಗಿ ಎಸರಿನ ಕಥೆ ಹೇಳಬಾರದು. ನಾನೂ ಮುದ್ದೆ ತಿರುವಿ ಬೆಳೆದವಳು. ಪಾತ್ರೆ ಜಾರಿ ಎಸರು ಚೆಲ್ಲಿದರೆ ಅದು ಸಾಮಾನ್ಯವಾಗಿ ಕಾಲಿನ ಮೇಲೆ, ತೊಡೆಯ ಮೇಲೆ ಬೀಳುತ್ತೆ. ಒಂದೇ ಕೈಯನ್ನು ಹುಡುಕಿಕೊಂಡು ಮೊಣಕೈವರೆಗೆ ಹತ್ತುವುದು ಅಪರೂಪ. ನೋಡಿದ ಡಾಕ್ಟರಿಗೂ ಅನುಮಾನ ಬಂದೇ ಬರುತ್ತೆ, ಆದರೆ ಅವಳು ಬಾಯಿ ಬಿಡದಿದ್ದರೆ ಚೀಟಿಯಲ್ಲಿ ‘ಆಕಸ್ಮಿಕ’ ಅಂತಲೇ ಬರೆಯುತ್ತಾರೆ. ಒಮ್ಮೆ ಹಾಗೆ ಬರೆದುಬಿಟ್ಟರೆ ಮುಂದೆ ಎದುರು ಪಕ್ಷದ ವಕೀಲರು ಅದೇ ಚೀಟಿ ಹಿಡಿದು ನಿಲ್ಲುತ್ತಾರೆ. ಯಾರು ಸುರಿದರು, ಯಾವತ್ತು, ಏನು ಕೇಳಿ ಸುರಿದರು, ಇಷ್ಟನ್ನೂ ಹೇಳಲಿ. ಗಾಯದ ಫೋಟೋ ಇವತ್ತೇ ತೆಗೆದಿಡಿ, ಹಗಲು ಬೆಳಕಿನಲ್ಲಿ.

ಈ ‘ಎಸರು ಚೆಲ್ಲಿತು’ ಅನ್ನುವ ಮಾತಿಗೆ ಹಳೇ ಅಕ್ಕ ಒಬ್ಬಳಿದ್ದಾಳೆ. ಅವಳ ಹೆಸರು ‘ಸ್ಟೌ ಸಿಡಿಯಿತು’. ಒಂದು ಕಾಲದಲ್ಲಿ ಸ್ಟೌ ಸಿಡಿದರೆ ಯಾವಾಗಲೂ ಸೊಸೆಗೇ ಸಿಡಿಯುತ್ತಿತ್ತು, ಅತ್ತೆಗೆ ಸಿಡಿದದ್ದನ್ನು ನಾನಂತೂ ಕೇಳಲಿಲ್ಲ. ಬೆಂಗಳೂರಿನ ವಿಮೋಚನಾ ಸಂಘಟನೆಯ ಹೆಣ್ಣುಮಕ್ಕಳು 1990ರ ದಶಕದಲ್ಲಿ ಇಂಥ ‘ಅಡುಗೆಮನೆ ಅಪಘಾತ’ಗಳ ಬೆನ್ನು ಹತ್ತಿದ್ದರು. ಸ್ಟೌ ಹೋಗಿ ಗ್ಯಾಸ್ ಬಂತು. ಸಾವು ನಿಂತಿಲ್ಲ. ದೇಶದಲ್ಲಿ 2023ರಲ್ಲೂ 6 ಸಾವಿರಕ್ಕೂ ಜಾಸ್ತಿ ವರದಕ್ಷಿಣೆ ಸಾವುಗಳು ಪೊಲೀಸ್ ದಾಖಲೆ ಸೇರಿದವು. ಹೆದರಿಸಲು ಹೇಳುತ್ತಿಲ್ಲ. ಕೈಗೆ ಬಿದ್ದ ಎಸರನ್ನು ಸಣ್ಣದು ಅಂದುಕೊಳ್ಳಬೇಡಿ ಅಂತ ಹೇಳುತ್ತಿದ್ದೇನೆ.

ಇನ್ನು ಹಿರಿಯರ ನ್ಯಾಯ. 6 ಲಕ್ಷದ ಅರ್ಧ 3 ಲಕ್ಷ ಅಂತ ಸರಿಯಾಗಿಯೇ ಲೆಕ್ಕ ಹಾಕಿದ್ದಾರೆ. ಸುಟ್ಟ ಕೈಯ ಅರ್ಧ ಎಷ್ಟು ಅಂತ ಮಾತ್ರ ಹೇಳಲಿಲ್ಲ. ಮನೆ ಕಟ್ಟೋಕೆ ಕೇಳಿದರೆ ವರದಕ್ಷಿಣೆ ಅಲ್ಲ ಅನ್ನುವುದೂ ತಪ್ಪು. ಮನೆ ಕಟ್ಟಲು ಹೆಂಡತಿಯ ತವರಿನಿಂದ ಹಣ ಕೇಳುವುದು ಕೂಡ ವರದಕ್ಷಿಣೆಯೇ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ. ಮುಂದಿನ ಸಲ ಅರಳೀಕಟ್ಟೆಯ ಮೇಲೆ ಯಾರಾದರೂ ಹೀಗೆ ಅಂದರೆ ಇದನ್ನು ಹೇಳಿ.

ರೇಷ್ಮೆ ಮಾಡುವವರಿಗೆ ನಾನು ಇದನ್ನು ವಿವರಿಸಬೇಕಾಗಿಲ್ಲ. ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆ) ಎದ್ದ ಹುಳಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲುವುದಿಲ್ಲ. ರಾತ್ರಿ ಮನೆಯಲ್ಲಿ ಮಳೆ ಬಿದ್ದ ಹಾಗೆ ಸದ್ದು ಬರುತ್ತೆ, ಬೆಳಗಾಗುವಷ್ಟರಲ್ಲಿ ಕಡ್ಡಿ ಮಾತ್ರ. ನಿಮ್ಮ ಬೀಗರಿಗೆ ನೀವು 1 ಲಕ್ಷ ಹಾಕಿದಿರಿ, ಒಂದೂವರೆ ಹಾಕಿದಿರಿ, ಈಗ 6 ಕೇಳುತ್ತಿದ್ದಾರೆ. ಹುಳವಾದರೂ ತಿಂದದ್ದಕ್ಕೆ ಗೂಡು ಕಟ್ಟುತ್ತೆ. ಇವರು ಎಸರು ಸುರಿಯುತ್ತಾರೆ. ಪ್ರತಿ ಸಲ ನೀವು ದುಡ್ಡು ಕೊಟ್ಟಾಗ ಅವರು ಕಲಿತದ್ದು ಒಂದೇ, ಹುಡುಗಿ ಅತ್ತರೆ ತವರಿನಿಂದ ದುಡ್ಡು ಬರುತ್ತೆ ಅಂತ. ಈ ಪಾಠ ನೀವೇ ಹೇಳಿಕೊಟ್ಟದ್ದು. ಬೇಜಾರು ಮಾಡಿಕೊಳ್ಳಬೇಡಿ, ಪ್ರೀತಿಯಿಂದಲೇ ಹೇಳಿಕೊಟ್ಟಿರಿ.

ಅಪ್ಪನ ಭಯಕ್ಕೆ ಕಾರಣ ಇಲ್ಲದೇ ಇಲ್ಲ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ತೆಗೆದುಕೊಳ್ಳುವುದೂ ತಪ್ಪು, ಕೊಡುವುದೂ ತಪ್ಪು. ಶಿಕ್ಷೆ ಕನಿಷ್ಠ 5 ವರ್ಷ. ಆದರೆ ಅದೇ ಕಾಯ್ದೆಯ 7ನೇ ಕಲಂನಲ್ಲಿ ಇನ್ನೊಂದು ಮಾತಿದೆ. ನೊಂದವರು ದೂರಿನಲ್ಲಿ ಹೇಳಿದ್ದನ್ನು ಹಿಡಿದು ಅವರ ಮೇಲೆಯೇ ಈ ಕಾಯ್ದೆಯಡಿ ಕೇಸು ನಡೆಸುವಂತಿಲ್ಲ. ಆ ಮನೆಯವರು ‘ನೀವೂ ಒಳಗೆ ಹೋಗ್ತೀರ’ ಅಂತ ಬೆದರಿಸಿದರೆ ಅಪ್ಪ ತಲೆ ತಗ್ಗಿಸಬೇಕಾಗಿಲ್ಲ. ದೂರು ಬರೆಯುವ ಮುನ್ನ ವಕೀಲರೊಬ್ಬರ ಹತ್ತಿರ ಕೂತು ಬರೆಸಿ. ದುಡ್ಡಿಲ್ಲ ಅನ್ನಬೇಡಿ, ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ವಕೀಲರು ಪುಕ್ಕಟೆ, ಆದಾಯ ಎಷ್ಟೇ ಇರಲಿ. ತಾಲ್ಲೂಕು ಕೋರ್ಟಿನಲ್ಲೇ ಅವರ ಸಮಿತಿ ಇರುತ್ತೆ. 15100ಕ್ಕೆ ಫೋನ್ ಮಾಡಿದರೂ ಸಿಗುತ್ತಾರೆ.

ಎಲ್ಲಿ ದೂರು ಕೊಡಬೇಕು? ‘ಘಟನೆ ಅಲ್ಲಿ ನಡೆದದ್ದು, ಅಲ್ಲಿಗೇ ಹೋಗಿ’ ಅಂತ ಸ್ಟೇಷನ್‌ನಲ್ಲಿ ಅನ್ನಬಹುದು. ಹೋಗಬೇಕಾಗಿಲ್ಲ. ಹಿಂಸೆ ತಾಳಲಾರದೆ ಹೆಣ್ಣುಮಗಳು ಎಲ್ಲಿ ಬಂದು ಆಸರೆ ಪಡೆದಿದ್ದಾಳೋ ಅಲ್ಲಿಂದಲೂ ಕೇಸು ನಡೆಸಬಹುದು ಅಂತ 2019ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಗಂಡ, ಗಂಡನ ಮನೆಯವರ ಹಿಂಸೆಗೆ ಇರುವ ಕಲಂ ಜನರ ಬಾಯಲ್ಲಿ ಇನ್ನೂ ಹಳೇ ದಂಡ ಸಂಹಿತೆಯ 498ಎ ಅಂತಲೇ ಇದೆ. 2024ರ ಜುಲೈಯಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ ಆಗಿದೆ, ಮೂರು ವರ್ಷದವರೆಗೆ ಜೈಲು. ಹಾಗಂತ ದೂರು ಕೊಟ್ಟ ಮರುದಿನವೇ ಅವರನ್ನು ಜೀಪಿಗೆ ಹತ್ತಿಸುತ್ತಾರೆ ಅಂತ ನಂಬಿ ಕೂರಬೇಡಿ. ಮೊದಲು ನೋಟಿಸು, ಆಮೇಲೆ ವಿಚಾರಣೆ, ತಡ ಆಗುತ್ತೆ.

ಅದಕ್ಕೇ ನಾನು ಎರಡನೇ ದಾರಿಯನ್ನು ಜಾಸ್ತಿ ಹೇಳುತ್ತೇನೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಇದರ ಸಂರಕ್ಷಣಾಧಿಕಾರಿ. ನಿಮ್ಮೂರಿನ ಅಂಗನವಾಡಿ ಟೀಚರಿಗೆ ಆ ಆಫೀಸು ಚೆನ್ನಾಗಿ ಗೊತ್ತು, ಅವರನ್ನೇ ಕೇಳಿ. ಆ ಅಧಿಕಾರಿಯ ಮೂಲಕ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿದರೆ ಹತ್ತಿರ ಬರಬಾರದು ಅನ್ನುವ ಆದೇಶ, ಖರ್ಚಿಗೆ ಹಣ, ಮಗು ತಾಯಿಯ ಹತ್ತಿರವೇ ಇರುವ ಆದೇಶ, ಒಡವೆ ವಾಪಸು, ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು. ಆ 120 ಗ್ರಾಂ ಚಿನ್ನ ಅತ್ತೆಯ ಬೀರುವಿನಲ್ಲಿರಬಹುದು, ಆದರೆ ಅದು ನಿಮ್ಮ ತಂಗಿಯದು. ಅಂಗಡಿ ಬಿಲ್ಲು, ಮದುವೆ ಆಲ್ಬಂ, ಹಣ ಹಾಕಿದ ಬ್ಯಾಂಕ್ ಚೀಟಿ, ಅವರು ಕಳಿಸಿದ ವಾಟ್ಸಾಪ್ ವಾಯ್ಸ್ ಮೆಸೇಜು, ಎಲ್ಲ ಒಂದು ಕಡೆ ಸೇರಿಸಿ. ಮೆಸೇಜು ಡಿಲೀಟ್ ಮಾಡಬೇಡಿ, ಕೇಳಿದರೆ ಮೈ ಉರಿದರೂ ಸರಿ. ಅವರು ಮನೆ ಮುಂದೆ ಬಂದು ಗಲಾಟೆ ಮಾಡಿದರೆ ಪೊಲೀಸರಿಗೆ 112. ಮಾತಾಡಲು ಒಬ್ಬರು ಬೇಕು ಅನ್ನಿಸಿದರೆ ಮಹಿಳಾ ಸಹಾಯವಾಣಿ 181, ಇಲ್ಲವೇ ನೊಂದ ಹೆಣ್ಣುಮಕ್ಕಳಿಗೆ ನೆರವಾಗುವ ಜಿಲ್ಲೆಯ ಸಖಿ ಕೇಂದ್ರ.

ಇಷ್ಟೆಲ್ಲ ಬರೆದೆ. ಆದರೆ ನಿಮ್ಮ ಕಾಗದದಲ್ಲಿ ಒಂದು ವಿಷಯ ಇಲ್ಲವೇ ಇಲ್ಲ. ಹಿರಿಯರು ಏನಂದರು, ಅಪ್ಪ ಏನಂದರು, ಅಮ್ಮ ಏನಂದರು ಅಂತ ಬರೆದಿದ್ದೀರಿ. ತಂಗಿ ಏನಂತಾಳೆ? ಅವಳು ದೂರು ಕೊಡುತ್ತಾಳಾ, ಬಿಡುತ್ತಾಳಾ, ಒಂದು ದಿನ ವಾಪಸು ಹೋಗಬೇಕು ಅಂತಾಳಾ, ಅದು ಅವಳ ತೀರ್ಮಾನ. ಅವಳ ಪರವಾಗಿ ನೀವು ಸಿಟ್ಟಾಗಿ ಹೊರಟುಬಿಡಬೇಡಿ. ಆದರೆ ಅವಳು ಧೈರ್ಯವಾಗಿ ಯೋಚಿಸಬೇಕಾದರೆ ಮೊದಲು ಇಲ್ಲಿ ಜಾಗ ಇದೆ ಅಂತ ಗೊತ್ತಾಗಬೇಕು. ಒಂದು ಕೆಲಸ ಮಾಡಿ. ಅವಳು ತಂದ ಬ್ಯಾಗು ಬಿಚ್ಚಿದ್ದಾಳಾ ನೋಡಿ. ತವರಿಗೆ ಬಂದ ಎಷ್ಟೋ ಹೆಣ್ಣುಮಕ್ಕಳು ತಿಂಗಳುಗಟ್ಟಲೆ ಆ ಬ್ಯಾಗಿನಿಂದಲೇ ಸೀರೆ ತೆಗೆದು ಉಟ್ಟು, ಒಗೆದು, ಮತ್ತೆ ಅದಕ್ಕೇ ತುರುಕುತ್ತಾರೆ. ಯಾವತ್ತು ‘ಹೊರಡು’ ಅಂತಾರೋ ಅಂತ. ಬೀರುವಿನ ಒಂದು ಅರೆ ಖಾಲಿ ಮಾಡಿ ‘ಇದು ನಿನ್ನದು’ ಅನ್ನಿ.

ನಿಜಕ್ಕೂ ಅವಳದೇ ಕಣ್ರೀ. ಅರೆ ಮಾತ್ರ ಅಲ್ಲ, ಪಿತ್ರಾರ್ಜಿತ ಜಮೀನಿನಲ್ಲೂ ನಿಮ್ಮಷ್ಟೇ ಪಾಲು. ಕೇಂದ್ರ ಸರ್ಕಾರ 2005ರಲ್ಲಿ ಮಾಡಿದ್ದನ್ನು ಕರ್ನಾಟಕ 1994ರಲ್ಲೇ ಮಾಡಿತ್ತು. ನಮ್ಮ ಕಡೆ ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತು. ‘ಮದುವೆಗೆ ಅಷ್ಟು ಖರ್ಚು ಮಾಡಿದ್ದೀವಲ್ಲ’ ಅಂತ ಅಣ್ಣತಮ್ಮಂದಿರು ಹಕ್ಕು ಬಿಡುಗಡೆ ಪತ್ರಕ್ಕೆ ಸೈನು ಹಾಕಿಸಿಕೊಳ್ಳುತ್ತಾರೆ, ಅರಿಶಿನ ಕುಂಕುಮಕ್ಕೆ ಅಂತ ಒಂದು ಸೀರೆ ಕೊಟ್ಟು. ಹೆಣ್ಣಿಗೆ ಹೋಗಬೇಕಾದ ಪಾಲು ಬೀಗರ ಜೇಬಿಗೆ ಹೋಗುತ್ತೆ, ಅವಳ ಕೈಯಲ್ಲಿ ಏನೂ ಉಳಿಯುವುದಿಲ್ಲ. ಬೆಂಗಳೂರು ಹತ್ತಿರವಾಗಿ ಇಲ್ಲಿನ ಗುಂಟೆಗೆಲ್ಲ ಬೆಲೆ ಬಂದ ಮೇಲೆ ಇದು ಇನ್ನೂ ಜಾಸ್ತಿಯಾಗಿದೆ. ನೀವು ಸೈನು ಹಾಕಿಸಿಕೊಂಡಿದ್ದೀರೋ ಇಲ್ಲವೋ ನನಗೆ ಗೊತ್ತಿಲ್ಲ. ಹಾಕಿಸಿಕೊಂಡಿಲ್ಲದಿದ್ದರೆ ಹಾಗೇ ಇರಲಿ.

ಕೊನೆಗೆ, ನೀವು ಬಾಯಿ ತಪ್ಪಿ ಬಂದ ಹಾಗೆ ಬರೆದ ಆ ಒಂದು ಸಾಲು. ‘ಅಲ್ಲಿಂದ ಬರುವುದನ್ನು ಇಲ್ಲಿಗೆ ಕೊಟ್ಟು ಮುಗಿಸೋಣ.’ ನಾನು ಅದನ್ನು ಮೂರು ಸಲ ಓದಿದೆ. ಅಮ್ಮ ಕೆಟ್ಟವರಲ್ಲ, ಮಗಳ ಕೈ ನೋಡಿ ತತ್ತರಿಸಿದ್ದಾರೆ. ಆದರೆ ನಿಮಗೆ ನೋಡಿದ ಹುಡುಗಿಯ ಮನೆಯಲ್ಲೂ ಒಬ್ಬ ಅಣ್ಣ ಇರಬಹುದು. ಹಸು ಮಾರಲಾ, ಸಾಲ ತರಲಾ ಅಂತ ಅವನೂ ಈಗ ಲೆಕ್ಕ ಹಾಕುತ್ತಾ ಕೂತಿರಬಹುದು. ನಿಮ್ಮ ಬೀಗರೂ ಅವತ್ತು ಹೀಗೇ ಯಾರಿಗೋ ಕೊಡಬೇಕಾಗಿತ್ತೇನೋ, ಯಾರಿಗೆ ಗೊತ್ತು. ‘ನಮಗೇನೂ ಬೇಡ, ನಿಮ್ಮ ಮಗಳಿಗೆ ನೀವೇನು ಹಾಕ್ತೀರೋ ಹಾಕಿ’ ಅನ್ನುವ ಮಾತೂ ವರದಕ್ಷಿಣೆ ಕೇಳಿದ ಹಾಗೆಯೇ. ಆ ಮಾತನ್ನೂ ನಿಮ್ಮ ಮನೆಯವರು ಆಡಬಾರದು. ಮಾತುಕತೆಯ ದಿನ ಎಲ್ಲರ ಮುಂದೆ ನೀವೇ ಬಾಯಿಬಿಟ್ಟು ಹೇಳಿ: ನಗದು ಬೇಡ, ಬೈಕು ಬೇಡ, ಮದುವೆ ಖರ್ಚು ಅರ್ಧರ್ಧ. ಅಪ್ಪನಿಗೆ ಸಿಟ್ಟು ಬರುತ್ತೆ, ಬರಲಿ.

ಚಿಕ್ಕ ತಂಗಿಯ ಸಂಬಂಧ ತಪ್ಪುತ್ತೆ ಅನ್ನುವ ಚಿಂತೆಗೆ ನಾನು ಜಾಸ್ತಿ ಹೊತ್ತು ಕೂರುವುದಿಲ್ಲ. ಸುಟ್ಟ ಕೈಯಲ್ಲಿ ಬಂದ ಅಕ್ಕನನ್ನು ಮನೆಯಲ್ಲಿಟ್ಟುಕೊಂಡರು ಅಂತ ಯಾರಾದರೂ ಬೇಡ ಅಂದರೆ, ಆ ಮನೆ ತಪ್ಪಿದ್ದೇ ಒಳ್ಳೆಯದಾಯಿತು.

ಹುಳ ಹಣ್ಣಾಗಲು ಇನ್ನು ನಾಲ್ಕು ದಿನ ಇದೆ ಅಂದಿರಿ. ಅಷ್ಟು ದಿನ ಕಾಯಬೇಡಿ. ನಾಳೆ ಬೆಳಗಿನ ಸೊಪ್ಪು ಹಾಕಲು ಪಕ್ಕದ ಮನೆಯವರಿಗೆ ಹೇಳಿ, ತಂಗಿ ಒಪ್ಪಿದರೆ ಅಮ್ಮನನ್ನೂ ಕರೆದುಕೊಂಡು ಮೊದಲ ಬಸ್ಸಿಗೆ ಶಿಡ್ಲಘಟ್ಟಕ್ಕೆ ಹೊರಡಿ. ಮೊದಲು ಆಸ್ಪತ್ರೆ. ಮಗುವಿಗೆ ಬಿಸ್ಕತ್ತು, ಹಾಲು ಇಟ್ಟುಕೊಳ್ಳಿ, ಅಲ್ಲಿ ಹೊತ್ತಾಗುತ್ತೆ.