ಬೆಂಚಿನಲ್ಲಿ ಕುಳಿತ ಹಿರಿಯ

ಆಟದ ಕೊನೆಯ ವರ್ಷಗಳಲ್ಲಿರುವ ಕ್ರೀಡಾಪಟುಗಳು ಸಲಹೆಗಾಗಿ ನನ್ನ ಬಳಿ ಬರುವಾಗ ಹೇಳುವ ದೂರು ಬಹುತೇಕ ನಿದ್ರೆಯದ್ದು. ಕಬಡ್ಡಿಯವರು, ವಾಲಿಬಾಲ್‌ನವರು, ಹಾಕಿಯವರು ಎಲ್ಲರದ್ದೂ ಅದೇ. ನಿದ್ರೆಯ ಮಾತು ಮುಗಿದ ಮೇಲೆ ತಂಡದ ಮಾತು ಹೊರಬರುತ್ತದೆ. ಇದು ಮೇಲಿಂದ ಮೇಲೆ ಎದುರಾಗುತ್ತಿರುವುದರಿಂದ ಒಂದು ಪ್ರಕರಣವನ್ನು ಬರೆಯುತ್ತಿದ್ದೇನೆ. ಸಂಬಂಧಪಟ್ಟವರ ಒಪ್ಪಿಗೆ ಇದೆ, ಗುರುತಿನ ವಿವರಗಳನ್ನು ಬದಲಿಸಿದ್ದೇನೆ.

ಇಲಾಖಾ ಹಾಕಿ ತಂಡವೊಂದರ ಡಿಫೆಂಡರ್ ಅವರು. ಮೂವತ್ತು ದಾಟಿ ಕೆಲವು ವರ್ಷಗಳಾಗಿವೆ. ಕ್ರೀಡಾ ಕೋಟಾದಲ್ಲಿ ನೌಕರಿ, ಹಿಂದೆ ನಾಯಕರೂ ಆಗಿದ್ದವರು. ಹೊಸ ಕೋಚ್ ನಾಯಕತ್ವವನ್ನು ಅವರಿಗಿಂತ ಹನ್ನೆರಡು ವರ್ಷ ಚಿಕ್ಕ ಹುಡುಗನಿಗೆ ಕೊಟ್ಟರು. ಇವರ ಹೆಸರು ಪಟ್ಟಿಯಲ್ಲಿ ಉಳಿಯಿತು, ಆದರೆ ಪಂದ್ಯದ ಹೆಚ್ಚಿನ ಹೊತ್ತು ಬೆಂಚೇ ಗತಿಯಾಯಿತು. 'ನಿಮ್ಮ ಅನುಭವ ಹುಡುಗರಿಗೆ ಬೇಕು' ಎಂದು ಕೋಚ್ ಹೇಳಿದ್ದರಂತೆ. ಆ ಅನುಭವದಿಂದ ಏನು ಮಾಡಬೇಕು ಎಂಬುದನ್ನು ಮಾತ್ರ ಯಾರೂ ಹೇಳಿರಲಿಲ್ಲ.

ಎರಡನೆಯ ಭೇಟಿಯಲ್ಲಿ, ಭಾರತ ಹಾಕಿ ತಂಡದ ಗೋಲ್‌ಕೀಪರ್ ಆಗಿದ್ದ ಶ್ರೀಜೇಶ್ ಹೆಸರನ್ನು ಎತ್ತಿದವರು ಅವರೇ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಅಮಿತ್ ರೋಹಿದಾಸ್ ಕೆಂಪು ಕಾರ್ಡ್ ಪಡೆದು ಹೊರನಡೆದಾಗ ಇನ್ನೂ ಎರಡನೆಯ ಕ್ವಾರ್ಟರ್. ಉಳಿದ ಹತ್ತು ಜನ ಬ್ರಿಟನ್ನನ್ನು 1-1ಕ್ಕೆ ತಡೆದು, ಶೂಟೌಟ್‌ನಲ್ಲಿ 4-2ರಿಂದ ಗೆದ್ದರು. "ಹಿಂದೆ ಶ್ರೀಜೇಶ್ ನಿಂತಿದ್ದರು, ಅದಕ್ಕೇ ಹುಡುಗರು ಕುಸಿಯಲಿಲ್ಲ. ನನ್ನನ್ನು ಹೊರಗೆ ಕೂರಿಸಿದರೆ ಯಾವ ಅನುಭವ ಯಾರಿಗೆ ಸಿಗುತ್ತದೆ ಮೇಡಂ?" ಎಂದರು. ನ್ಯಾಯವಾದ ಪ್ರಶ್ನೆಯೇ. ಆದರೆ ಅದೇ ಶ್ರೀಜೇಶ್ 2016ರ ರಿಯೊದಲ್ಲಿ ನಾಯಕರಾಗಿದ್ದವರು. ಟೋಕಿಯೊದಲ್ಲಿ ಮನ್‌ಪ್ರೀತ್, ಪ್ಯಾರಿಸ್‌ನಲ್ಲಿ ಹರ್ಮನ್‌ಪ್ರೀತ್, ಹೀಗೆ ತಮಗಿಂತ ಕಿರಿಯರ ನಾಯಕತ್ವದಲ್ಲಿ ಆಡಿ ಎರಡೂ ಬಾರಿ ಕಂಚು ಗೆದ್ದರು. ಇದನ್ನು ನೆನಪಿಸಿದಾಗ ಅವರು ಸುಮ್ಮನಾದರು, ಒಪ್ಪಲಿಲ್ಲ.

ಒಪ್ಪಿಸಿದ್ದು ನಾನಲ್ಲ, ಆ ಹುಡುಗ. ಇವರೇ ಕರೆದದ್ದರಿಂದ ಒಂದು ಭೇಟಿಗೆ ಜೊತೆಯಲ್ಲಿ ಬಂದಿದ್ದ. ಕುರ್ಚಿಯ ತುದಿಯಲ್ಲಿ ಕುಳಿತು, ಸ್ಟಿಕ್ ಹಿಡಿದು ಒರಟಾದ ಅಂಗೈಯನ್ನು ಉಗುರಿನಿಂದ ಕೆರೆಯುತ್ತಿದ್ದ. ಇವರು ಪಟ್ಟಿಯನ್ನೇ ಬಿಚ್ಚಿದರು: ಕರೆದರೆ ಕೇಳುವುದಿಲ್ಲ, ಡಿಫೆನ್ಸ್ ಜಾಗ ಬಿಡುತ್ತದೆ, ಪೆನಾಲ್ಟಿ ಕಾರ್ನರ್‌ನಲ್ಲಿ ಮೊದಲು ನುಗ್ಗುವವನು ಅರ್ಧ ಹೆಜ್ಜೆ ತಡ. ಹುಡುಗ ಎಲ್ಲವನ್ನೂ ಕೇಳಿಸಿಕೊಂಡ.

"ಅಣ್ಣಾ, ತಪ್ಪು ಪಾಸ್ ಕೊಟ್ಟಾಗ ನಾನು ಮೊದಲು ಚೆಂಡನ್ನು ನೋಡುವುದಿಲ್ಲ, ಬೆಂಚಿನಲ್ಲಿ ನಿಮ್ಮ ಮುಖ ನೋಡುತ್ತೇನೆ. ನೀವು ತಲೆ ಆಡಿಸಿರುತ್ತೀರಿ. ಆಮೇಲೆ ಹತ್ತು ನಿಮಿಷ ನನಗೆ ಮುಂದಕ್ಕೆ ಪಾಸ್ ಕೊಡುವ ಧೈರ್ಯ ಬರುವುದಿಲ್ಲ."

ತಮ್ಮ ಮಾತಿಗೆ ಬೆಲೆಯಿಲ್ಲ ಎಂದು ತಿಂಗಳುಗಟ್ಟಲೆ ಕೊರಗಿದ್ದ ಮನುಷ್ಯ. ಒಂದು ಮಾತೂ ಆಡದೆ, ಕುಳಿತಲ್ಲಿಂದಲೇ ನಾಯಕನ ಪಾಸ್‌ಗಳನ್ನು ಹಿಂದಕ್ಕೆ ತಿರುಗಿಸುತ್ತಿದ್ದರು! "ನಾನು ಅಷ್ಟು ಗಮನಿಸಿ ತಲೆ ಆಡಿಸಿರಲಿಲ್ಲ" ಎಂದರು. ಹುಡುಗ "ಗೊತ್ತು ಅಣ್ಣಾ" ಎಂದ.

ಮುಂದಿನ ಭೇಟಿಯಲ್ಲಿ ನಾನು ಕೊಟ್ಟ ಸಲಹೆಗಳು ಸಣ್ಣವು. ಕ್ವಾರ್ಟರ್‌ಗಳ ನಡುವೆ ಸಿಗುವ ಎರಡು ನಿಮಿಷದಲ್ಲಿ ಒಬ್ಬನೇ ಹುಡುಗನ ಬಳಿ ಹೋಗಿ, ಒಂದೇ ವಿಷಯ ಹೇಳಬೇಕು. ಅದು ಆದ ತಪ್ಪಿನ ಬಗ್ಗೆ ಇರಕೂಡದು, ಮುಂದೆ ಮಾಡಬೇಕಾದದ್ದರ ಬಗ್ಗೆ ಇರಬೇಕು. ಪೆನಾಲ್ಟಿ ಕಾರ್ನರ್ ರಕ್ಷಣೆಯ ಅಭ್ಯಾಸವನ್ನು ತಮಗೆ ವಹಿಸುವಂತೆ ಕೋಚ್‌ರನ್ನು ನೇರವಾಗಿ ಕೇಳಬೇಕು. ಹುಡುಗರು ಕೋಣೆಯಲ್ಲಿ ಹೇಳಿಕೊಂಡದ್ದನ್ನು ಕೋಚ್‌ಗೆ ಮುಟ್ಟಿಸಬಾರದು. ಹಿರಿಯ ಆಟಗಾರ ಒಮ್ಮೆ ಚಾಡಿಯ ದಾರಿಯಾದರೆ ಆಮೇಲೆ ಅವನ ಅನುಭವ ಯಾರಿಗೂ ಬೇಡ. ಜೊತೆಗೆ, ವಾರದಲ್ಲಿ ಒಂದೆರಡು ದಿನ ಕಚೇರಿಗೆ ಹೋಗಿ ಕಡತ ನೋಡಲು ಕಲಿಯಬೇಕು.

ಕೊನೆಯದು ಹಾಕಿಗೆ ಸಂಬಂಧವಿಲ್ಲದ ಸಲಹೆ ಎನಿಸಬಹುದು. ನನ್ನ ಪ್ರಕಾರ ಅದೇ ಮುಖ್ಯ. ಇಷ್ಟು ವರ್ಷ ಹಾಜರಾತಿ ಮೈದಾನದಲ್ಲೇ ಆದವರಿಗೆ, ಆಟ ನಿಂತ ಮರುದಿನ ತಮಗಿಂತ ಕಿರಿಯ ಗುಮಾಸ್ತರಿಂದ ಟಿಪ್ಪಣಿ ಬರೆಯುವುದನ್ನು ಕಲಿಯಬೇಕಲ್ಲ ಎಂಬ ಭಯವಿರುತ್ತದೆ. ಹುಡುಗರ ಮೇಲೆ ಸಿಡುಕಿದ್ದರಲ್ಲಿ ಅರ್ಧ ಈ ಭಯದ್ದು.

ನಿವೃತ್ತಿಗೆ ಮನಸ್ಸನ್ನು ಸಿದ್ಧಗೊಳಿಸುವುದು ಬಿಟ್ಟು ಇನ್ನೂ ತಂಡಕ್ಕೇ ಅಂಟಿಸಿದಿರಲ್ಲ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಪಟ್ಟಿಯಲ್ಲಿ ಹೆಸರಿರುವ ಆಟಗಾರನಿಂದ ಆಟದ ತಿಥಿ ಮಾಡಿಸಲು ನಾನು ಒಪ್ಪುವುದಿಲ್ಲ. ಎಳೆಯರ ತಂಡ ಎರಡು ಗೋಲು ಹಿಂದೆ ಬಿದ್ದಾಗ, ಅಂಥ ಪಂದ್ಯವನ್ನು ಹಿಂದೆ ಉಳಿಸಿಕೊಂಡವನೊಬ್ಬ ಪಕ್ಕದಲ್ಲಿರುವುದು ತರಬೇತಿಯಿಂದ ಬರುವಂಥದ್ದಲ್ಲ. ಅದೇ ವೇಳೆ, ವಯಸ್ಸಾಯಿತೆಂದ ಮಾತ್ರಕ್ಕೆ ಯಾರೂ ಮಾರ್ಗದರ್ಶಕರಾಗುವುದಿಲ್ಲ ಎಂದೂ ಅವರಿಗೆ ಹೇಳಿದ್ದೇನೆ.

ಕೋಚ್ ಆಡುವ ಹೊತ್ತನ್ನು ಹೆಚ್ಚಿಸಲಿಲ್ಲ, ಪೆನಾಲ್ಟಿ ಕಾರ್ನರ್ ಅಭ್ಯಾಸವನ್ನು ವಹಿಸಿದರು. ನಿದ್ರೆ ಸುಧಾರಿಸಿದೆ, ಪೂರ್ತಿ ಅಲ್ಲ. ಈಗ ಸಹಾಯಕ ಕೋಚ್ ಆಗಿ ಎಂಬ ಮಾತು ಇಲಾಖೆಯಿಂದ ಬಂದಿದೆ, ಬಾಯಿಮಾತಿನಲ್ಲಿ. ಭತ್ಯೆ, ಅವಧಿ, ಆಡುವ ಹಕ್ಕು ಉಳಿಯುತ್ತದೆಯೇ ಎಂಬುದೆಲ್ಲ ಬರಹದಲ್ಲಿ ಸಿಗುವವರೆಗೆ ಹೂಂ ಅನ್ನಬೇಡಿ ಎಂದಿದ್ದೇನೆ.